ನೋಡಿದ ಸಿನಿಮಾದ ಕಥೆ ಮತ್ತ್ಯಾಕ ಓದಬೇಕು?

ಸಿನಿಮಾ ನೋಡಿ ಬಂದ ಮ್ಯಾಲೆ ಅದೇ ಕಥೆಯ ಪುಸ್ತಕ ದುಡ್ಡು ಕೊಟ್ಟು ತರುವವರನ್ನು ಕಂಡು ಓದಿಕೊಂಡವರು ನಗತಾರೆ. ನಾನು ನಗೋದಿಲ್ಲ. ಕುರುಕ್ಷೇತ್ರದ ದೊಡ್ಡಾಟಕ್ಕೆ ಬರುವ ಜನಕ್ಕೆ ದುರ್ಯೋಧನ ಸಾಯತಾನಂತ ಗೊತ್ತಿಲ್ಲೇನು? ಗೊತ್ತಿದ್ದೇ ಬೆಳತನಕ ಕೂಡ್ರತಾರೆ.

ತೆಲುಗಿನಲ್ಲಿ ಇಂಥ ಪುಸ್ತಕಕ್ಕೆ 'ವೆಂಡಿತೆರ ನವಲ' ಅಂತಾರೆ, ಬೆಳ್ಳಿತೆರೆಯ ಕಾದಂಬರಿ ಅಂತ ಅರ್ಥ. ಮುಳ್ಳಪೂಡಿ ವೆಂಕಟರಮಣ ಅಂಥ ದೊಡ್ಡವರೇ ಬರೆದಾರೆ. ಅಮೆರಿಕಾದ 'ಸ್ಟಾರ್ ವಾರ್ಸ್' ಸಿನಿಮಾ ಬಂದದ್ದು 1977ರಲ್ಲಿ, ಅದರ ಕಾದಂಬರಿ 1976ರಲ್ಲೇ ಬಂದಿತ್ತಂತೆ. ಮೇಲೆ ಹೆಸರು ಜಾರ್ಜ್ ಲ್ಯೂಕಾಸನದು, ಬರೆದವನು ಅಲನ್ ಡೀನ್ ಫಾಸ್ಟರ್. ನಮ್ಮ ತತ್ವಪದದಾಗ ಹಂಗ ನಡೆಯೋದಿಲ್ಲ, ಕಟ್ಟಿದವನ ಅಂಕಿತ ಕಡೀ ನುಡಿಯಾಗ ಇರಲೇಬೇಕು.

ಆದೋನಿ ಸುತ್ತಿನ ನಮಗೆ ಮನೆಯಾಗ ಕನ್ನಡ, ಟಾಕೀಸಿನಾಗ ತೆಲುಗು. ನಮ್ಮ ಕೈಗೆ ಸಿಗತಿದ್ದದ್ದು ಹಾಡಿನ ಪುಸ್ತಕ. ತೆಳ್ಳನೆ ಕಾಗದ, ನಟರ ಹೆಸರು, ಹಾಡು, ಒಂದಿಷ್ಟು ಕಥೆ. ಕಥೆ ಬಿಗಿಗೆ ಬಂತು ಅನ್ನುವಾಗ, ಮುಂದಿನದು ಪರದೆ ಮ್ಯಾಲೆ ನೋಡಿರಿ ಅಂತ ಕೈಬಿಡತಿತ್ತು. ಟಾಕೀಸಿಗೆ ಹೋಗಲಾರದವರಿಗೆ ಆ ಮುಂದಿನದನ್ನ ನಾವೇ ಬಾಯಿಲೆ ಹೇಳಬೇಕು.

1991ರಲ್ಲಿ 'ಆದಿತ್ಯ 369' ಬಂತು. ಕನ್ನಡದಾಗ 'ಹಾಲು ಜೇನು' ಮಾಡಿದ ಸಿಂಗೀತಂ ಶ್ರೀನಿವಾಸರಾವ್ ಅವರದೇ ಸಿನಿಮಾ. ಕಾಲದಾಗ ಹಿಂದಕ್ಕೂ ಮುಂದಕ್ಕೂ ಹೋಗುವ ಯಂತ್ರ. ಎಚ್. ಜಿ. ವೆಲ್ಸ್ 1895ರಲ್ಲೇ ಇಂಥ ಯಂತ್ರದ ಕಾದಂಬರಿ ಬರೆದಿದ್ದ. ಇಲ್ಲಿ ಅದು 1526ಕ್ಕೆ, ಕೃಷ್ಣದೇವರಾಯನ ಕಾಲಕ್ಕೆ ಹೋಗತೈತಿ, ಆಮೇಲೆ 2504ಕ್ಕೆ. ಆದೋನಿ ಕೋಟೆ ಆವಾಗ ವಿಜಯನಗರದ ಕೈಯಾಗಿತ್ತು. ಯಂತ್ರ ನಮ್ಮ ಹೊಲದ ಬದುವಿನಾಗ ಇಳಿದಂಗ ಆತು.

ಅದರಾಗ ರಾಯನೂ ಬಾಲಕೃಷ್ಣನೇ, ಈ ಕಾಲದ ಹುಡುಗನೂ ಬಾಲಕೃಷ್ಣನೇ. ಪರದೆ ಮ್ಯಾಲೆ ಒಂದೇ ಮುಖ ಎರಡಾಗಿ ಕಂಡಾಗ ಜನ ಸೀಟಿ ಹೊಡೆದರು. ಪುಸ್ತಕದಾಗ ಮುಖ ಎಲ್ಲೈತಿ? ಓದುವವನ ತಲೆಯಾಗ ಇರಬೇಕು. ಅಭಿಮಾನಿ ಮುಖಾನೂ ದನೀನೂ ತಾನೇ ತಂದು ಹಾಕತಾನೆ, ಅದಕ್ಕೆ ಒಣಾ ಸಾಲೂ ಅವನಿಗೆ ರುಚಿ. ಸಿನಿಮಾ ನೋಡದವನಿಗೆ ಅದೇ ಪುಟ ಉಪ್ಪಿಲ್ಲದ ಸಾರು. ಬರೆದವನ ಕಸುಬು ಗೊತ್ತಾಗೋದು ಈ ನೋಡದವನ ಮುಂದೆ.

ಹತ್ತಿ ಬಿಡಿಸುವಾಗ ಹೆಣ್ಣುಮಕ್ಕಳಿಗೆ ಈ ಕಥೆ ಹೇಳತಿದ್ದೆ. ವಜ್ರ, ಕಳ್ಳರು, ತೆನಾಲಿ ರಾಮ, ಎಲ್ಲಾ ಕೇಳಿದರು. ಕೇಳಿ ಒಬ್ಬಾಕಿ, "ಎಣ್ಣಾ, ಆ ಹುಡುಗಿ ಅಷ್ಟು ದೂರದ ಕಾಲಕ್ಕೆ ಹೋದಳಲ್ಲ, ತನ್ನೋರು ಇನ್ನೂ ಹುಟ್ಟೇ ಇಲ್ಲ ಅಂತ ಒಂದು ದಿನಾನಾರ ಅತ್ತಳೇನು?" ಅಂದಳು. ಆಕಿ ಮದುವೆಯಾಗಿ ದೂರದಿಂದ ಬಂದಾಕಿ, ಟಾಕೀಸು ಕಂಡಿದ್ದಿಲ್ಲ.

ಸಿನಿಮಾ ಓಡತಿರತೈತಿ, ಅದಕ್ಕೆ ಅಳಲಿಕ್ಕೆ ಪುರುಸೊತ್ತು ಕಡಿಮಿ. ಬರೆಯುವವನಿಗೆ ಐತಿ. ಸಂಭಾಷಣೆ ಕಾಪಿ ಮಾಡಿ, ನಡುವೆ 'ಅವನು ಕೋಪದಿಂದ ನೋಡಿದನು' ಅಂತ ತುಂಬುವ ಪುಸ್ತಕ ನನಗ ಬ್ಯಾಡ. ಆ ಹೆಣ್ಣುಮಗಳ ಮಾತಿಗೆ ಎರಡು ಪುಟ ಕೊಟ್ಟ ಪುಸ್ತಕ ಸಿಕ್ಕರೆ ಸಾಲ ಮಾಡಿ ತರತೀನಿ. ಅವತ್ತು ಆಕಿಗೆ ನಾನೇ ನಾಲ್ಕು ನುಡಿ ಕಟ್ಟಿ ಹಾಡಿದೆ. ಆ ವರ್ಷದ ಸುಗ್ಗಿ ಮುಗಿಯೋತನಕ ಸಿನಿಮಾದ ಹಾಡು ಬಿಟ್ಟು ಅದನ್ನೇ ಹಾಡಿಸಿದರು.