ಹಳೆ ವಿಂಡೋಸಿಗೆ ಮರಳುವಾಗ ಉಳಿಯಬೇಕಾದದ್ದು

"ಅಣ್ಣಾ, ಹಳೀ ವಿಂಡೋಸ್ ಹಾಕಿಕೊಡ್ರಿ, ಇದರಾಗ ನುಡಿ ಸರಿ ನಡ್ಯಾಂಗಿಲ್ಲ." ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಕಂಪ್ಯೂಟರ್ ಅಂಗಡಿಗಳಲ್ಲಿ ಈ ಕೋರಿಕೆ ಹೊಸದಲ್ಲ. ಮದುವೆ ಪತ್ರಿಕೆ, ಲಾಡ್ಲೇ ಮಶಾಕ್ ದರ್ಗಾದ ಉರುಸಿನ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರದ ಅರ್ಜಿ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಮುಗಿಸುವ ಊರುಗಳಿವು. ಇಲ್ಲಿ ಹಳೆಯ ವಿಂಡೋಸ್ ಕೇಳುವವರನ್ನು ಹೊಸದಕ್ಕೆ ಹೆದರುವವರು ಎಂದು ತಳ್ಳಿಹಾಕುವುದು ಅನ್ಯಾಯ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಇಪ್ಪತ್ತು ವರ್ಷ ಅದರಲ್ಲೇ ಪುಟ ಕಟ್ಟಿದ ಕೈ, ಅದು ಮತ್ತೆ ಮತ್ತೆ ಮುಚ್ಚಿಹೋಗುವ ಹೊಸ ವ್ಯವಸ್ಥೆಯನ್ನು ಬೇಡ ಎನ್ನುವುದರಲ್ಲಿ ತಪ್ಪೇನಿದೆ? 4 ಜಿಬಿ ರ್‍ಯಾಮಿನ ಯಂತ್ರಕ್ಕೆ ವಿಂಡೋಸ್ 11 ಭಾರವಾಗುವುದೂ ನಿಜ.

ನನ್ನ ತಕರಾರು ಇರುವುದು ಹಿಂದಿರುಗಿಸುವ ವಿಧಾನದ ಬಗ್ಗೆ. ನಮ್ಮಲ್ಲಿ ರೂಢಿಯಾಗಿರುವುದು "ಫಾರ್ಮ್ಯಾಟ್ ಹೊಡೆಯುವುದು". ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನು ಡಿ ಡ್ರೈವಿಗೆ ಎಳೆದು ಹಾಕಿ, ಸಿ ಡ್ರೈವ್ ಅಳಿಸಿ, ಹಳೆಯದನ್ನು ಹಾಕಿ, "ಡೇಟಾ ಏನೂ ಹೋಗಿಲ್ರಿ" ಎಂದು ಯಂತ್ರ ಕೈಗಿಡುತ್ತಾರೆ. ಆ ಎರಡು ಫೋಲ್ಡರಿನ ಫೈಲುಗಳ ಲೆಕ್ಕ ಹಿಡಿದರೆ ಆ ಮಾತು ಸುಳ್ಳಲ್ಲ. ಆದರೆ ಕನ್ನಡದಲ್ಲಿ ಕೆಲಸ ಮಾಡುವವರ ಮಟ್ಟಿಗೆ ಡೇಟಾ ಎಂದರೆ ಬರೀ ಫೈಲಲ್ಲ.

ನುಡಿಯ ಹಳೆಯ ಫಾಂಟುಗಳನ್ನೇ ನೋಡಿ. ಕನ್ನಡ ಗಣಕ ಪರಿಷತ್ತಿನ ಈ ತಂತ್ರಾಂಶದ ಮೊದಲ ಆವೃತ್ತಿಗಳಲ್ಲಿ ಟೈಪಿಸಿದ ಅಕ್ಷರ ಯುನಿಕೋಡ್ ಅಲ್ಲ. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್ ಅದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ 'ಕನ್ನಡ' ಎಂಬ ಪದ ಹೇಗೆ ಕಾಣುತ್ತದೆ ಗೊತ್ತೇ? ಮೊದಲು ದೊಡ್ಡ 'ಪಿ', ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ 'ಎ', ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ 'ಎ', ನಡುವೆ ಜರ್ಮನ್ ಅಕ್ಷರವೊಂದು, ಸಣ್ಣ 'ಕ್ಯೂ', ಕೊನೆಗೆ ಮತ್ತೊಂದು 'ಎ'. ಫೈಲು ಇದೆ, ಗಾತ್ರವೂ ಅಷ್ಟೇ ಇದೆ, ಓದಲು ಒಂದಕ್ಷರವೂ ಇಲ್ಲ. ಫಾಂಟುಗಳು ಇರುವುದು ಸಾಮಾನ್ಯವಾಗಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ. ಡಾಕ್ಯುಮೆಂಟ್ಸ್ ನಕಲು ಮಾಡಿದವರು ಅತ್ತ ಹೋಗುವುದೇ ಇಲ್ಲ. ನುಡಿಯನ್ನು ಮತ್ತೆ ಹಾಕಿದರೆ ಅದರ ಫಾಂಟುಗಳೇನೋ ಬರುತ್ತವೆ. ಆದರೆ ಎಲ್ಲಿಂದಲೋ ಪೆನ್ ಡ್ರೈವಿನಲ್ಲಿ ತಂದು, ಹೆಸರೂ ನೆನಪಿಲ್ಲದ ಅಲಂಕಾರಿಕ ಫಾಂಟಿನಲ್ಲಿ ಮಾಡಿದ ಹತ್ತು ವರ್ಷದ ಲಗ್ನಪತ್ರಿಕೆಗಳನ್ನು ಮತ್ತೆ ಓದಿಸುವವರು ಯಾರು?

ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯದೂ ಇಂಥದೇ ಕಥೆ. ಟ್ಯಾಲಿಪ್ರೈಮ್ ತನ್ನ ಲೆಕ್ಕವನ್ನು ತಾನಾಗಿ ಇಡುವುದು ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ, ಮಾಲೀಕರ ಹೆಸರಿನ ಫೋಲ್ಡರಿನಲ್ಲಲ್ಲ. ತೊಗರಿ ಅಡತಿಯ ವರ್ಷದ ಲೆಕ್ಕ ಫಾರ್ಮ್ಯಾಟಿನಲ್ಲಿ ಹೋಗಲು ಇಷ್ಟು ಸಾಕು.

ಮೈಕ್ರೋಸಾಫ್ಟ್ ಕೊಟ್ಟಿರುವ ದಾರಿಯನ್ನೂ ತೂಗಿ ನೋಡಬೇಕು. ಹೊಸ ಆವೃತ್ತಿಗೆ ಏರಿದ ಮೇಲೆ ಸೆಟ್ಟಿಂಗ್ಸಿನ ರಿಕವರಿಯಲ್ಲಿ 'ಗೋ ಬ್ಯಾಕ್' ಎಂಬ ಗುಂಡಿ ಇರುತ್ತದೆ. ಫೈಲುಗಳು ಉಳಿಯುತ್ತವೆ, ಏರಿದ ಮೇಲೆ ಹಾಕಿದ ತಂತ್ರಾಂಶಗಳು ಹೋಗುತ್ತವೆ. ಒಳ್ಳೆಯ ಏರ್ಪಾಡು, ಅವಧಿ ಮಾತ್ರ ತೀರಾ ಜಿಪುಣತನದ್ದು. ವಿಂಡೋಸ್ 10 ಬಂದ ಹೊಸತರಲ್ಲಿ 30 ದಿನ ಇದ್ದದ್ದನ್ನು 2016ರಲ್ಲಿ 10ಕ್ಕೆ ಇಳಿಸಿದರು. ಆದೇಶವೊಂದನ್ನು ಕೊಟ್ಟು ಅದನ್ನು 60 ದಿನದವರೆಗೆ ಹಿಗ್ಗಿಸಬಹುದು, ಆದರೆ ಅದನ್ನು 10 ದಿನದೊಳಗೇ ಮಾಡಬೇಕು. ಮದುವೆ ಸೀಜನ್ನಿನ ನಡುವೆ ಯಂತ್ರ ತಾನಾಗಿ ಹೊಸದಕ್ಕೆ ಏರಿದರೆ, ಅದು ಒಗ್ಗುತ್ತಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಗುಂಡಿ ಮಾಯವಾಗಿರುತ್ತದೆ.

ಗುಂಡಿ ಹೋದ ಮೇಲೂ ಫಾರ್ಮ್ಯಾಟ್ ಅನಿವಾರ್ಯವಲ್ಲ ಎಂಬುದನ್ನು ಹೆಚ್ಚು ಅಂಗಡಿಗಳು ಬಳಸಿಕೊಳ್ಳುತ್ತಿಲ್ಲ. ಹಳೆಯ ವಿಂಡೋಸಿನ ಪೆನ್ ಡ್ರೈವಿನಿಂದ ಯಂತ್ರ ಶುರುಮಾಡಿ, ಕಸ್ಟಮ್ ಆಯ್ದು, ಸಿ ಡ್ರೈವನ್ನು ಅಳಿಸದೆ ಹಾಗೇ ಮುಂದುವರಿದರೆ, ಇದ್ದ ವಿಂಡೋಸ್, ಪ್ರೋಗ್ರಾಂ ಫೈಲ್ಸ್, ಯೂಸರ್ಸ್ ಫೋಲ್ಡರುಗಳೆಲ್ಲ 'ವಿಂಡೋಸ್.ಓಲ್ಡ್' ಎಂಬ ಒಂದು ಫೋಲ್ಡರಿಗೆ ಸೇರುತ್ತವೆ. ತಂತ್ರಾಂಶಗಳನ್ನು ಮತ್ತೆ ಹಾಕಬೇಕು, ಆದರೆ ಫಾಂಟೂ ಟ್ಯಾಲಿಯ ಲೆಕ್ಕವೂ ಅದರೊಳಗೇ ಇರುತ್ತವೆ. ಡಿಸ್ಕಿನಲ್ಲಿ ಜಾಗ ಬೇಕು, ಸಮಯ ಬೇಕು. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಫಾರ್ಮ್ಯಾಟ್ ಬೇಗ ಮುಗಿಯುತ್ತದೆ ಎಂಬುದೇ ಈ ರೂಢಿಯ ಮೂಲ. ಅಳಿಸದೆ ಹಾಕುವಾಗಲೂ ಹೊರಗಿನ ಡಿಸ್ಕಿನಲ್ಲೊಂದು ನಕಲು ಇರಲೇಬೇಕು, ನಡುವೆ ಕರೆಂಟು ಹೋಗುವ ಊರುಗಳಲ್ಲಂತೂ ಖಂಡಿತ.

ಹೊಸ ಲ್ಯಾಪ್‌ಟಾಪಿನಲ್ಲಿ ಇನ್ನೂ ಒಂದು ಅಪಾಯವಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಅನೇಕ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿ ಬೀಗ ಬೀಳುತ್ತದೆ. ಅದನ್ನು ತೆಗೆಯುವ 48 ಅಂಕಿಯ ಕೀಲಿ ಆ ಖಾತೆಯಲ್ಲಿರುತ್ತದೆ. ಯಂತ್ರ ಕೊಂಡ ದಿನ ಯಾರದೋ ಇಮೇಲ್ ಹಾಕಿ ಶುರುಮಾಡಿಕೊಟ್ಟಿದ್ದರೆ, ಆ ಕೀಲಿ ಕೇಳಿದಾಗ ಮಾಲೀಕರಿಗೆ ತಮ್ಮ ಡಿಸ್ಕೇ ತೆರೆಯುವುದಿಲ್ಲ. ಕೀಲಿ ಕೈಯಲ್ಲಿಲ್ಲದೆ ಇಂಥ ಯಂತ್ರವನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಸರಿಯಲ್ಲ.

ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದೂ ಮುಖ್ಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿದ ಮನೆಬಳಕೆಯ ಯಂತ್ರಗಳಿಗೆ ಆಮೇಲೂ ಒಂದು ವರ್ಷದ ಭದ್ರತಾ ಅಪ್‌ಡೇಟ್ ಘೋಷಿಸಿದರು. ಅಲ್ಲಿಗೆ ಮರಳುವುದನ್ನು ಒಪ್ಪಬಹುದು. ವಿಂಡೋಸ್ 7ಕ್ಕೆ ಹೋಗುವುದನ್ನು ಒಪ್ಪಲಾರೆ. ಅದರ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ಕ್ರೋಮ್ ಅದಕ್ಕೆ 109ನೇ ಆವೃತ್ತಿಯ ನಂತರ ಬಂದಿಲ್ಲ. ರೈತರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ಯಂತ್ರದಲ್ಲಿ ಅದನ್ನು ಕೂರಿಸಿದರೆ ಅಪಾಯ ಹೊರುವವರು ಅಂಗಡಿಯವರಲ್ಲ, ಎದುರಿಗೆ ಕೂತ ರೈತರು. ಪೇಜ್‌ಮೇಕರಿಗೆ ವಿಂಡೋಸ್ 7 ಬೇಕೇ ಬೇಕೆಂದರೆ ನೆಟ್ ಇಲ್ಲದ ಹಳೆಯ ಯಂತ್ರವೊಂದನ್ನು ಪುಟ ಕಟ್ಟುವುದಕ್ಕಷ್ಟೇ ಇಟ್ಟುಕೊಳ್ಳುವುದು ಮೇಲು.

ಯಂತ್ರ ವಾಪಸು ಕೊಡುವ ಮುನ್ನ ಮಾಲೀಕರನ್ನು ಕೂರಿಸಿಕೊಂಡು ಐದು ವರ್ಷ ಹಿಂದಿನ ಒಂದು ನುಡಿ ಫೈಲನ್ನು ತೆರೆದು, ಪ್ರಿಂಟ್ ತೆಗೆದು ತೋರಿಸುವ ಅಂಗಡಿಗೆ ನಾನು ಹೆಚ್ಚು ಹಣ ಕೊಡಲು ಸಿದ್ಧ. ವಿಂಡೋಸ್.ಓಲ್ಡ್ ಕೆಲವು ದಿನಗಳಲ್ಲಿ ತಾನಾಗಿ ಅಳಿಯುವುದುಂಟು. ಅದರೊಳಗಿನ ಫಾಂಟ್ಸ್ ಫೋಲ್ಡರನ್ನು ಅವತ್ತೇ, ಅವರೆದುರಿಗೇ, ಅವರ ಪೆನ್ ಡ್ರೈವಿಗೆ ಹಾಕಿಕೊಡಬೇಕು.