ಬೈಕ್ ನಿಲ್ಲಿಸಿದರೂ ನಿಲ್ಲದವರು

ಹಳೆಯ ಯುದ್ಧಭೂಮಿಗಳಿಗೆ ಬೈಕ್‌ನಲ್ಲಿ ಹೋಗಿಬಂದವರ ಪ್ರವಾಸಕಥನಗಳನ್ನು, ಮುಖ್ಯವಾಗಿ ಶ್ರೀರಂಗಪಟ್ಟಣದವನ್ನು, ಈಚೆಗೆ ಓದಿದೆ. ದಾರಿಯ ವರ್ಣನೆ ಸೊಗಸು. 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥಕ್ಕೆ ಬೈಕುಗಳನ್ನು ಬಿಡುವುದಿಲ್ಲ. ಸರ್ವೀಸ್ ರಸ್ತೆಯೇ ಗತಿ. ಅಲ್ಲಿನ ಟೀ ಅಂಗಡಿ, ಪಂಕ್ಚರ್, ಧೂಳು ಎಲ್ಲವೂ ಬರಹದಲ್ಲಿ ಜೀವಂತ. ಕೋಟೆ ಕಂಡೊಡನೆ ಮಾತ್ರ ಲೇಖಕರಿಗೆ ಅವಸರ. ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲೊಂದು ಫೋಟೋ, 1799ರ ಮೇ 4 ಎಂಬ ತಾರೀಖು, ಒಂದು ಜೈಕಾರ ಇಲ್ಲವೇ ಬೈಗುಳ. ಬೈಕ್ ಮತ್ತೆ ಸ್ಟಾರ್ಟ್!

ಕೋಟೆಗೋಡೆ ಒಡೆದ ಜಾಗದ ಬಳಿ ಮೈಸೂರು ಸರಕಾರ 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭವಿದೆ. ಅದು ಅಲ್ಲಿ ಮಡಿದ ಬ್ರಿಟಿಷ್ ಅಧಿಕಾರಿಗಳ ನೆನಪಿಗೆ. ಕೋಟೆ ಕಾಯುತ್ತಾ ಸತ್ತ ಹಿಂದೂ-ಮುಸ್ಲಿಮ್ ಸಿಪಾಯಿಗಳಿಗೆ ಅದರಲ್ಲಿ ಹೆಸರಿಲ್ಲ. ಟಿಪ್ಪುವನ್ನು ಹೊಗಳುವ, ತೆಗಳುವ ಈ ಸವಾರರೂ ಅವರನ್ನು ದಾಟಿಕೊಂಡೇ ಹೋಗಿದ್ದಾರೆ. ಪಂಕ್ಚರ್ ಹಾಕಿದವನ ಬಗ್ಗೆ ಬರೆದಷ್ಟಾದರೂ ಅವರ ಬಗ್ಗೆ ಬರೆಯಬಹುದಿತ್ತು.