ಎಮ್ಯುಲೇಟರ್ ಪರದೆಯ ದೋಷಗಳು: ರಸಿಕರಿಗೊಂದು ಕೈಪಿಡಿ

ಎಮ್ಯುಲೇಟರ್‌ನಲ್ಲಿ ಆಡುವಾಗ ಕಾಣುವ ಚಿತ್ರದೋಷದ ಮೂಲ ಗ್ರಾಫಿಕ್ಸ್ ಕಾರ್ಡ್‌ನಲ್ಲಿರಬಹುದು, ಡ್ರೈವರ್‌ನಲ್ಲಿರಬಹುದು, ಎಮ್ಯುಲೇಟರ್‌ನಲ್ಲಿರಬಹುದು. ಹಳೆಯ ಕನ್ಸೋಲೇ ಹಾಗಿದ್ದಿರಲೂಬಹುದು. ಈ ಕೊನೆಯದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್‌ನ ಆಟಗಳಲ್ಲಿ ಗೋಡೆಯ ಅಂಚು ನಡುಗುತ್ತದೆ, ಹತ್ತಿರ ಹೋದಷ್ಟೂ ನೆಲದ ಹಾಸು ಸೊಟ್ಟಗಾಗುತ್ತದೆ. ಆ ಯಂತ್ರ ತ್ರಿಕೋನದ ಮೂಲೆಗಳನ್ನು ಇಡಿಯ ಪಿಕ್ಸೆಲ್‌ಗಳ ಮೇಲೆಯೇ ಕೂರಿಸುತ್ತಿತ್ತು. ಟೆಕ್ಸ್ಚರ್ ಹಚ್ಚುವಾಗ ದೂರವನ್ನು ಗಣಿಸುತ್ತಲೇ ಇರಲಿಲ್ಲ. ಇದನ್ನು ಕಂಡು ಹೊಸ ಕಾರ್ಡ್ ಕೊಳ್ಳಲು ಹೊರಡುವವರೂ ಇದ್ದಾರೆ. ಪ್ಲೇಸ್ಟೇಷನ್ ಎಮ್ಯುಲೇಟರ್ ಡಕ್‌ಸ್ಟೇಷನ್‌ನ ಪಿಜಿಎಕ್ಸ್‌ಪಿ ಆಯ್ಕೆ ಈ ನಡುಕವನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಆದರೂ ಒಮ್ಮೆ ಅದನ್ನು ನಡುಗಲು ಬಿಟ್ಟು ನೋಡದವನು ಆ ಯಂತ್ರವನ್ನು ನೋಡಿದಂತಲ್ಲ.

ತಪ್ಪು ಯಾರದೆಂದು ತಿಳಿಯಲು ಸಾಫ್ಟ್‌ವೇರ್ ರೆಂಡರರ್‌ಗಿಂತ ನಂಬಿಗಸ್ತ ಸಾಧನವಿಲ್ಲ. ಪ್ಲೇಸ್ಟೇಷನ್ 2ರ ಎಮ್ಯುಲೇಟರ್ ಪಿಸಿಎಸ್‌ಎಕ್ಸ್2ನಲ್ಲಿ ಆಟ ನಡೆಯುತ್ತಿರುವಾಗಲೇ ಎಫ್9 ಒತ್ತಿದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್‌ಗೆ ಹೋಗುತ್ತದೆ. ಸಿದ್ಧವಾದ ಚಿತ್ರವನ್ನು ಪರದೆಗೆ ತಲುಪಿಸುವುದಷ್ಟೇ ಕಾರ್ಡ್‌ಗೆ ಉಳಿಯುತ್ತದೆ. ಪಾತ್ರದ ಕಾಲ ಬಳಿ ಕಪ್ಪು ಚೌಕವಾಗಿದ್ದದ್ದು ಆ ಒಂದು ಕೀಲಿಗೆ ಮೆತ್ತನೆಯ ನೆರಳಾಗುವುದನ್ನು ಕಂಡ ದಿನ ನೋಡುವ ಕಣ್ಣೇ ಬದಲಾಗುತ್ತದೆ. ದೋಷ ಆಗಲೂ ಹೋಗದಿದ್ದರೆ ಕಾರ್ಡ್ ಬಹುತೇಕ ನಿರ್ದೋಷಿ; ಹುಡುಕಬೇಕಾದ್ದು ಎಮ್ಯುಲೇಟರ್‌ನ ಒಳಗೆ, ಆಟದ ಪ್ರತಿಯಲ್ಲಿ ಅಥವಾ ಹಳೆಯ ಕನ್ಸೋಲ್‌ನಲ್ಲೇ. ಹೋದರೆ ಮುಂದಿನ ಹೆಜ್ಜೆ ವಲ್ಕನ್, ಡೈರೆಕ್ಟ್3ಡಿ, ಓಪನ್‌ಜಿಎಲ್ ರೆಂಡರರ್‌ಗಳ ನಡುವೆ ಬದಲಿಸಿ ನೋಡುವುದು. ಒಂದರಲ್ಲಿ ಮಾತ್ರ ಕಾಣುವ ದೋಷಕ್ಕೆ ಡ್ರೈವರ್ ಅಥವಾ ಎಮ್ಯುಲೇಟರ್‌ನ ಆ ಒಂದು ಭಾಗ ಕಾರಣ. ಎಲ್ಲದರಲ್ಲೂ ಕಂಡರೆ ಇಂಟರ್ನಲ್ ರೆಸಲ್ಯೂಷನ್ ಅನ್ನು ಕನ್ಸೋಲ್‌ನ ಮೂಲ ಅಳತೆಗೆ ಇಳಿಸಬೇಕು. ಸಾಫ್ಟ್‌ವೇರ್ ಚಿತ್ರ ಒರಟಾಗಿದೆಯೆಂದು ಮೂಗು ಮುರಿದು ತಕ್ಷಣ ಮತ್ತೆ ಎಫ್9 ಒತ್ತಿಬಿಡುವವರಿಗೆ ಈ ಪರೀಕ್ಷೆಯಿಂದ ಏನೂ ಸಿಗದು.

ಮೂಲ ಅಳತೆಗೆ ಇಳಿಸಿದೊಡನೆ ಮಾಯವಾಗುವ ದೋಷಗಳೇ ಬಹಳ. ಪ್ಲೇಸ್ಟೇಷನ್ 2ರ ಆಟಗಳು ಸುಮಾರು 448 ಸಾಲಿನ ಚಿತ್ರಕ್ಕೆಂದು ಅಳೆದು ಮಾಡಿದವು. ಅದನ್ನು 4ಕೆಗೆ ಹಿಗ್ಗಿಸಿದಾಗ ದೀಪದ ಪ್ರಭೆ ದೀಪದಿಂದ ಪಕ್ಕಕ್ಕೆ ಸರಿಯುತ್ತದೆ. ಟೆಕ್ಕನ್, ಏಸ್ ಕಾಂಬ್ಯಾಟ್‌ನಂಥ ನ್ಯಾಮ್ಕೋ ಆಟಗಳಲ್ಲಿ ಪರದೆಯುದ್ದಕ್ಕೂ ಲಂಬ ಗೆರೆಗಳು ಏಳುತ್ತವೆ. ಮೊದಲನೆಯದಕ್ಕೆ ಹಾಫ್ ಪಿಕ್ಸೆಲ್ ಆಫ್‌ಸೆಟ್, ಎರಡನೆಯದಕ್ಕೆ ಅಲೈನ್ ಸ್ಪ್ರೈಟ್ ಎಂಬ ಆಯ್ಕೆಗಳು ಪಿಸಿಎಸ್‌ಎಕ್ಸ್2ನಲ್ಲಿವೆ. ಸ್ಕ್ರೀನ್‌ಶಾಟ್ ತೆಗೆದು ಮೆರೆಯುವುದೇ ಆಟವೆಂದುಕೊಂಡವರಿಗೆ ಮೂಲ ಅಳತೆ ಎಂದರೆ ಅವಮಾನ. ಗೆರೆ ಎದ್ದಾಗ ಮಾತ್ರ ಕಾರ್ಡನ್ನು ಬೈಯುತ್ತಾರೆ.

ತಡೆತಡೆದು ಓಡುವುದು ಬೇರೆಯೇ ರೋಗ. ಗೇಮ್‌ಕ್ಯೂಬ್‌ನ ಫ್ಲಿಪ್ಪರ್ ಚಿಪ್ 16 ಹಂತಗಳವರೆಗೆ ಬಣ್ಣ ಬೆರೆಸುತ್ತಿತ್ತು. ಆ ಜೋಡಣೆಯನ್ನು ಆಟ ತನಗೆ ಬೇಕೆಂದಾಗ ಬದಲಿಸುತ್ತಿತ್ತು. ಪಿಸಿಯಲ್ಲಾದರೋ ಹೊಸ ಜೋಡಣೆ ಬಂದಾಗಲೆಲ್ಲ ಹೊಸ ಶೇಡರ್ (ಕಾರ್ಡ್ ನಡೆಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗಬೇಕು. 2017ಕ್ಕೆ ಮುಂಚೆ ಗೇಮ್‌ಕ್ಯೂಬ್ ಎಮ್ಯುಲೇಟರ್ ಡಾಲ್ಫಿನ್‌ನಲ್ಲಿ ಆಡಿದವರಿಗೆ ಗೊತ್ತು: ಹೊಸ ಕೋಣೆಗೆ ಕಾಲಿಟ್ಟರೆ, ಹೊಸ ಆಯುಧದಿಂದ ಮೊದಲ ಗುಂಡು ಹಾರಿದರೆ, ಆಟ ಗಕ್ಕನೆ ನಿಲ್ಲುತ್ತಿತ್ತು. ಆ ವರ್ಷ ಬಂದ ಉಬರ್‌ಶೇಡರ್ ಬಣ್ಣ ಬೆರೆಸುವ ಆ ಇಡೀ ಘಟಕವನ್ನೇ ಕಾರ್ಡ್‌ನೊಳಗೆ ಅನುಕರಿಸಿ, ಬೇಕಾದ ಶೇಡರ್ ಸಿದ್ಧವಾಗುವ ತನಕ ಕೆಲಸ ನಡೆಸುತ್ತದೆ. ಕಂಪೈಲ್ ಮಾಡುವುದು ಪ್ರೊಸೆಸರ್. ಆದ್ದರಿಂದ ದುಬಾರಿ ಕಾರ್ಡ್ ಒಂದರಿಂದಲೇ ಈ ತಡೆ ಹೋಗುವುದಿಲ್ಲ. ಡ್ರೈವರ್ ಅಪ್‌ಡೇಟ್ ಆದ ಮೇಲೆ ಸಿದ್ಧ ಶೇಡರ್‌ಗಳ ಕ್ಯಾಷ್ ಹೊಸದಾಗಿ ತುಂಬಬೇಕಾಗಿ ಬಂದು ತಡೆ ಮತ್ತೆ ಕಾಣಿಸಿಕೊಳ್ಳುವುದೂ ಉಂಟು.

ಆಟ ಒಂದೇ ಸಮನೆ ನಿಧಾನವಾಗಿದ್ದರೆ ರೆಸಲ್ಯೂಷನ್ ಇಳಿಸಿ ನೋಡಬೇಕು. ವೇಗ ಏರದಿದ್ದರೆ ಅಡ್ಡಿ ಪ್ರೊಸೆಸರ್‌ನದು. ಏರಿದರೆ ಯಾವ ಕಾರ್ಡ್ ದುಡಿಯುತ್ತಿದೆ ಎಂಬುದು ಪ್ರಶ್ನೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಒಮ್ಮೊಮ್ಮೆ ಎಮ್ಯುಲೇಟರನ್ನು ಪ್ರೊಸೆಸರ್‌ನ ಜೊತೆಗಿರುವ ಸಣ್ಣ ಗ್ರಾಫಿಕ್ಸ್‌ಗೆ ಒಪ್ಪಿಸಿಬಿಡುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಪುಟದಲ್ಲಿ ಅದನ್ನು ತಿದ್ದಬಹುದು. ಡೆಸ್ಕ್‌ಟಾಪ್‌ನಲ್ಲಿ ಮಾನಿಟರ್‌ನ ಕೇಬಲ್ ಕಾರ್ಡ್‌ನ ಬದಲು ಮದರ್‌ಬೋರ್ಡ್‌ನ ಕಿಂಡಿಯಲ್ಲಿ ಕೂತಿರುವುದು ತೀರಾ ಅಪರೂಪವೇನಲ್ಲ.

ಕಾರ್ಡೇ ಕೆಟ್ಟಿದ್ದರೆ ಅದು ಒಂದು ಆಟಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಓವರ್‌ಕ್ಲಾಕ್ ತೆಗೆದು, ಫ್ಯಾನಿನ ಧೂಳು ಒರೆಸಿದ ಮೇಲೂ ಬಣ್ಣದ ಚುಕ್ಕೆಗಳು ಎಲ್ಲ ಪ್ರೋಗ್ರಾಂಗಳಲ್ಲೂ, ವಿಂಡೋಸ್ ತೆರೆಯುವ ಮುಂಚಿನ ಬಯೋಸ್ ಪರದೆಯಲ್ಲೂ ಕಂಡರೆ, ಬೇರೆ ಕೇಬಲ್ ಹಾಕಿ ನೋಡಿ, ಕಾರ್ಡನ್ನು ಇನ್ನೊಂದು ಪಿಸಿಗೆ ಸಿಕ್ಕಿಸಿ ಖಚಿತಪಡಿಸಿಕೊಂಡು ವಾರಂಟಿಗೆ ಕಳಿಸುವುದು.